ಗ್ಲಾಸ್ಗೋಗೆ ಹೋದ ನಮ್ಮ ಗಲ್ಲಿಯ ನಕ್ಷೆ

ಕೊಡಿಗೇಹಳ್ಳಿ, ಹೊರಡೋ ಮುಂಚೆ

ಫಾರಿನ್‌ಗೆ ಹೋಗಿ ಬಂದವರನ್ನ ನಮ್ಮ ಕೊಡಿಗೇಹಳ್ಳಿಯಲ್ಲಿ ಮೊದಲು ಕೇಳೋದು, ಚಾಕ್ಲೇಟ್ ತಂದ್ಯಾ ಅಂತ. ಆಮೇಲೆ, ಚಳಿ ಹೇಗಿತ್ತು. ಆಮೇಲೆ, ಏನೇನ್ ನೋಡ್ದೆ. ಚಾಕ್ಲೇಟ್ ತಂದೆ, ಹಂಚಿದೆ, ಮುಗೀತು. ಚಳಿ ಇತ್ತು. ಏನ್ ನೋಡ್ದೆ ಅಂತ ಕೇಳಿದಾಗ ಮಾತ್ರ ನನಗೆ ಮೈಯೆಲ್ಲಾ ಉರಿಯುತ್ತೆ. ಕೋಟೆ ನೋಡಿಲ್ಲ, ಸರೋವರ ನೋಡಿಲ್ಲ. ಒಬ್ಬ ಅಜ್ಜಿಯ ಮಲಗೋ ಕೋಣೆಯ ಗೋಡೆ ನೋಡಿ, ಒಂದು ಮೀಟಿಂಗಲ್ಲಿ ಕೂತು ಎದ್ದು ಬಂದೆ. ಅದನ್ನೇ ಬರೀತೀನಿ. ಸಿಹಿಯಾಗಿರೋದು ಬೇಕಿದ್ದವರು ಚಾಕ್ಲೇಟ್ ತಿಂದ್ಕೊಳ್ಳಿ.

ನಾನು ಶಶಿಕಲಾ. ಯಶವಂತಪುರದ ಮಾರ್ಕೆಟ್ ಯಾರ್ಡ್ ಹಿಂದಿನ ಗಲ್ಲಿಯೊಂದರಲ್ಲಿ ನಮ್ಮ ಟ್ರಸ್ಟಿನ ಸಂಜೆ ಕ್ಲಿನಿಕ್ ಇದೆ, ಅದರ ಉಸ್ತುವಾರಿ ನನ್ನದು. ಒಂದು ರೂಮು, ಒಬ್ಬರು ಡಾಕ್ಟರು, ಒಬ್ಬಳು ನರ್ಸು, ಹೊರಗೆ ಕೂರೋಕೆ ಬೆಂಚು. ಹಗಲು ಮುಚ್ಚಿರುತ್ತೆ. ಯಾಕೇಂದ್ರೆ ಆ ಗಲ್ಲಿಯವರಲ್ಲಿ ಮುಕ್ಕಾಲು ಪಾಲು ಯಾರ್ಡಿನಲ್ಲಿ ಮೂಟೆ ಹೊರೋ ಹಮಾಲಿಗಳು. ನಸುಕಲ್ಲಿ ಲಾರಿ ಬಂದಾಗ ನಿಂತರೆ ಸಂಜೆ ತನಕ ಬಿಡುವಿಲ್ಲ. ಒಣಮೆಣಸಿನಕಾಯಿ ಮೂಟೆ ಹೊರೋರ ಕೆಮ್ಮು ನೀವು ಕೇಳಿದ್ದೀರೋ ಇಲ್ಲವೋ, ನಾನು ದಿನಾ ಕೇಳ್ತೀನಿ. ಮನೆ ಅಂದ್ರೆ ಕಿಟಕಿ ಇಲ್ಲದ ಶೀಟಿನ ರೂಮು. ಒಬ್ಬನಿಗೆ ಟಿಬಿ ಬಂತೂಂದ್ರೆ ಪಕ್ಕದಲ್ಲಿ ಮಲಗಿರೋ ಎಲ್ಲರಿಗೂ ಭಯ.

ನಮ್ಮ ಡೈರೆಕ್ಟರ್ ನಿರಂಜನ್ ಸರ್ ಇದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು ಹೇಳ್ತಾರೆ, ಸೋಶಿಯಲ್ ಡಿಟರ್ಮಿನೆಂಟ್ಸ್ ಆಫ್ ಹೆಲ್ತ್. ರೋಗ ಬರೀ ಕ್ರಿಮಿಯಿಂದ ಬರಲ್ಲ. ಮನೆ, ನೀರು, ಗಾಳಿ, ಕೂಲಿ ಎಲ್ಲಾ ಸೇರಿ ಬರುತ್ತೆ ಅಂತ ಅದರ ಅರ್ಥ. ಒಪ್ಪೋ ಮಾತೇ. ನಮ್ಮತ್ತೆ ಇದನ್ನೇ “ಗಾಳಿ ಬೆಳಕು ಇಲ್ದಿರೋ ಮನೇಲಿ ಮನುಸ್ರು ಉಳೀತಾರಾ?” ಅಂತ ಒಂದೇ ಉಸಿರಲ್ಲಿ ಹೇಳ್ತಾರೆ. ಸರ್ ಇದಕ್ಕೊಂದು ಕಂಪ್ಯೂಟರ್ ನಕ್ಷೆ ಮಾಡಿಸಿದರು. ಕಾಯಿಲೆಯವರ ವಿಳಾಸ ಅದಕ್ಕೆ ಹಾಕಿದರೆ, ರೋಗ ಜಾಸ್ತಿ ಇರೋ ಕಡೆ ಕೆಂಪು ಬಣ್ಣ, ಇಲ್ಲದ ಕಡೆ ಬಿಳಿ. ಎಲ್ಲಿ ಕೆಂಪೋ ಅಲ್ಲಿಗೆ ದುಡ್ಡು, ಡಾಕ್ಟರು, ಔಷಧಿ.

ನಕ್ಷೆ ಬಂದ ದಿನ ನೋಡ್ತೀನಿ, ಮಾರ್ಕೆಟ್ ಯಾರ್ಡು ಕೆಂಪು ಕೆಂಪು. ನಮ್ಮ ಗಲ್ಲಿ ಹಾಲಿನಷ್ಟು ಬಿಳುಪು!

ಕಾರಣ ನನಗೆ ಆ ಕ್ಷಣಕ್ಕೇ ಗೊತ್ತಾಯ್ತು. ಹಮಾಲಿಗಳಿಗೆ ಮನೆ ಓನರುಗಳು ಬಾಡಿಗೆ ಕರಾರು ಬರೆದುಕೊಡಲ್ಲ, ನಾಳೆ ಬಿಡಿಸೋದು ಕಷ್ಟ ಆಗುತ್ತೆ ಅಂತ. ವಿಳಾಸ ಇಲ್ಲದೆ ಯಾವ ಕಾರ್ಡೂ ಆಗಲ್ಲ. ಆಗ ಮಂಡಿ ಸಾಹುಕಾರರು, “ನಮ್ಮ ಅಂಗಡಿ ಅಡ್ರೆಸ್ಸೇ ಹಾಕ್ಕೋ ಹೋಗೋ” ಅಂತಾರೆ. ಉಪಕಾರವೇ ಅದು. ಅಪ್ಪನ ಕಾಲದಿಂದ ಹಂಗೇ ನಡ್ಕೊಂಡು ಬಂದಿದೆ. ಬ್ಯಾಂಕು, ಗ್ಯಾಸು, ಆಸ್ಪತ್ರೆ ಎಲ್ಲಾ ಕಡೆ ಅದೇ ವಿಳಾಸ. ಹಾಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ಈ ಜನರೆಲ್ಲಾ ಹೆಂಡತಿ ಮಕ್ಕಳ ಸಮೇತ ಮೆಣಸಿನಕಾಯಿ ಮೂಟೆಗಳ ಮಧ್ಯೆ ಸಂಸಾರ ಮಾಡ್ತಿದ್ದಾರೆ.

“ಸರ್, ಮಂಡೀಲಿ ಯಾರೂ ಮಲಗಲ್ಲ” ಅಂದೆ.

“ಶಶಿಕಲಾ, ನಿಮ್ಮ ಅನುಭವದ ಮೇಲೆ ನನಗೆ ಗೌರವ ಇದೆ. ಆದ್ರೆ ದುಡ್ಡು ಕೊಡೋರು ಕಥೆ ಕೇಳಲ್ಲ, ಡೇಟಾ ಕೇಳ್ತಾರೆ” ಅಂದರು.

ಬಿಳಿ ಬಣ್ಣದ ಜಾಗಕ್ಕೆ ಕ್ಲಿನಿಕ್ ಯಾಕೆ? ಅದನ್ನ ಮುಚ್ಚಿ, ಯಾರ್ಡಿನ ಗೇಟಲ್ಲಿ ಅರಿವಿನ ಬೋರ್ಡು ಹಾಕಿ, ಮಾಸ್ಕ್ ಹಂಚೋದು ಅಂತ ಯೋಜನೆ ತಯಾರಾಯ್ತು. ಕೊನೆಯ ಮಾತು ದುಡ್ಡು ಕೊಡೋ ಸಂಸ್ಥೆಯದು. ಅದು ಇರೋದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಲ್ಲಿನ ಮೀಟಿಂಗಿಗೆ ಸರ್ ಜೊತೆ ಜನರ ಮಧ್ಯೆ ಕೆಲಸ ಮಾಡೋರು ಒಬ್ಬರು ಬರಲಿ ಅಂತ ಅವರೇ ಬರೆದಿದ್ದರು. ಹಾಗೆ ನನ್ನ ಪಾಸ್‌ಪೋರ್ಟ್ ಆಯ್ತು.

ಹೊರಡೋ ಹಿಂದಿನ ಸಂಜೆ ಕ್ಲಿನಿಕ್ ಬಾಗಿಲಲ್ಲಿ ಮುಬೀನಾ ನನ್ನ ಕೈ ಹಿಡ್ಕೊಂಡಳು. ಅವಳ ಗಂಡ ಫಯಾಜ್ ಮೆಣಸಿನಕಾಯಿ ಮಂಡಿಯ ಹಮಾಲಿ. ಟಿಬಿ ಮಾತ್ರೆ ಅರ್ಧ ದಾರಿಗೆ ಬಂದಿದೆ. ಹಿಂದೊಂದು ಸಲ ಸರ್ಕಾರಿ ಸೆಂಟರಿಗೆ ಹಗಲು ಹೊತ್ತು ಹೋಗೋಕಾಗದೆ ಮಧ್ಯದಲ್ಲೇ ಬಿಟ್ಟಿದ್ದ. ಈ ಸಲವೂ ಬಿಟ್ಟರೆ ಮಾಮೂಲಿ ಮಾತ್ರೆಗೆ ರೋಗ ಬಗ್ಗದೇ ಹೋಗಬಹುದು ಅಂತ ಡಾಕ್ಟರು ಅವಳ ಎದುರಿಗೇ ಹೇಳಿದ್ದರು.

“ಅಕ್ಕಾ, ಅಲ್ಲಿ ದೊಡ್ಡ ದೊಡ್ಡೋರು ಇರ್ತಾರಂತಲ್ಲ, ಅವ್ರಿಗೆ ಹೇಳಿ ಅಕ್ಕಾ. ಸಂಜೆ ಕ್ಲಿನಿಕ್ ಮುಚ್ಚಿದ್ರೆ ಇವ್ರು ಬೆಳಿಗ್ಗೆ ಹೋಗಲ್ಲ. ಎರಡು ದಿನ ಕೆಲಸಕ್ಕೆ ತಪ್ಪಿಸ್ಕೊಂಡ್ರೆ ಮೇಸ್ತ್ರಿ ಬೇರೆಯೋರ್ನ ಹಾಕ್ಕೋತಾನೆ. ನೀವು ಬಾಯ್ ಬಿಟ್ರೆ ಕೇಳ್ತಾರೆ.”

“ಹೇಳ್ತೀನಿ ಬಿಡು” ಅಂದೆ. ಮನೆಗೆ ಬಂದರೆ ನಮ್ಮತ್ತೆ ಅದಕ್ಕೆ ಉಲ್ಟಾ. “ಅಲ್ಲೋಗಿ ಇಂಗೆಲ್ಲಾ ಬಾಯ್ ಮಾಡ್ಬೇಡ ಕಣಮ್ಮಿ. ಬಿಳಿ ಜನ, ಏನಂದ್ಕೊಂಡಾರು.”

ಏರ್‌ಪೋರ್ಟು, ಆಮೇಲೆ ಆಕಾಶ

ನಮ್ಮ ಮನೆ ಹತ್ತಿರದ ರಸ್ತೆ ಹಿಡಿದೇ ಇಡೀ ಬೆಂಗಳೂರು ಏರ್‌ಪೋರ್ಟಿಗೆ ಹೋಗುತ್ತೆ. ಆ ಕಾರುಗಳ ದೆಸೆಯಿಂದ ರಸ್ತೆ ದಾಟೋಕೆ ಪರದಾಡಿ ಪರದಾಡಿ ನಮಗೆ ವಯಸ್ಸಾಯ್ತು. ಅವತ್ತು ನಾನೂ ಒಂದು ಕಾರಲ್ಲಿ ಕೂತು ಹೋದೆ. ಒಳಗೆ ಹೋದರೆ ಅದೇನು ಗಿಡಗಳು, ಅದೇನು ತಂಪು! ನಮ್ಮ ಕಡೆಯ ಗಲ್ಲಿಗಳಿಗೆ ಇಲ್ಲದ ಗಾಳಿ ಬೆಳಕೆಲ್ಲಾ ಇಲ್ಲೇ ಬಂದು ಕೂತಿದೆ ಅನ್ನಿಸ್ತು.

ಸೆಕ್ಯುರಿಟಿಯಲ್ಲಿ ನನ್ನ ಕೈಚೀಲ ನಿಲ್ಲಿಸಿದರು. ಅತ್ತೆ ನನಗೆ ಹೇಳದೆ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿ ತುರುಕಿದ್ದರು. ಅಲ್ಲಿದ್ದ ಸೆಕ್ಯುರಿಟಿ ಹುಡುಗಿ, “ಮೇಡಂ, ಇದು ಎಣ್ಣೆ, ಬಿಡಕ್ಕಾಗಲ್ಲ” ಅಂದಳು. “ಎಣ್ಣೆ ಅಲ್ಲಮ್ಮಾ, ಉಪ್ಪಿನಕಾಯಿ” ಅಂದೆ. “ಎಣ್ಣೇಲೇ ತಾನೇ ಇರೋದು?” ಅಂದಳು. ವಾದ ಮಾಡಿದೆ, ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರು, ಉಪ್ಪಿನಕಾಯಿ ಕಸದ ಡಬ್ಬಕ್ಕೆ ಹೋಯ್ತು. ನಿರಂಜನ್ ಸರ್ ಅಷ್ಟು ದೂರದಲ್ಲಿ ಬೆಲ್ಟ್ ಕಟ್ಟಿಕೊಳ್ತಾ, ಈ ಹೆಂಗಸು ಯಾರೋ ಗೊತ್ತೇ ಇಲ್ಲ ಅನ್ನೋ ಹಾಗೆ ಗೋಡೆ ನೋಡ್ತಿದ್ದರು.

ದುಬೈಯಲ್ಲಿ ವಿಮಾನ ಬದಲಾಯಿಸಿ ಮತ್ತೆ ಕೂತ ಮೇಲೆ ಸರ್ ನನಗೊಂದು ಹಾಳೆ ಕೊಟ್ಟರು. ಮೀಟಿಂಗಲ್ಲಿ ನಾನು ಓದಬೇಕಾದ್ದು. ಇಂಗ್ಲಿಷು, ದೊಡ್ಡ ಅಕ್ಷರ. ನಮ್ಮ ಜನ ನಿಮಗೆ ಕೃತಜ್ಞರು, ನಿಮ್ಮ ದುಡ್ಡಲ್ಲಿ ಮಾಡಿಸಿದ ನಕ್ಷೆ ನಮ್ಮ ಕಣ್ಣು ತೆರೆಸಿತು, ಹೀಗೇ ಇತ್ತು.

“ಸರ್, ಇದರಲ್ಲಿ ಕ್ಲಿನಿಕ್ ಅನ್ನೋ ಪದವೇ ಇಲ್ಲವಲ್ಲ?”

“ಅದು ನನ್ನ ಸ್ಲೈಡಲ್ಲಿ ಬರುತ್ತೆ.”

“ಮುಚ್ತೀವಿ ಅಂತ ಬರುತ್ತೆ.”

ಅವರು ಕಣ್ಣು ಮುಚ್ಚಿ ಸೀಟಿಗೊರಗಿದರು. “ನೋಡಿ ಶಶಿಕಲಾ, ನಕ್ಷೆ ತಪ್ಪು ಅಂತ ನಾವೇ ಹೇಳಿದ್ರೆ ಹೆಬ್ಬಾಳದ ನಮ್ಮ ಇನ್ನೊಂದು ಕ್ಲಿನಿಕ್ಕಿಗೂ ದುಡ್ಡು ನಿಲ್ಲುತ್ತೆ. ಒಂದನ್ನ ಉಳಿಸೋಕೆ ಹೋಗಿ ಎರಡನ್ನೂ ಕಳೀಬೇಕಾ?” ಅಂದರು. ಮನುಷ್ಯ ಕೆಟ್ಟವರಲ್ಲ ಕಣ್ರೀ. ಊಟದ ಜೊತೆ ಬಂದ ತಮ್ಮ ಸಿಹಿಯನ್ನೂ ನನ್ನ ತಟ್ಟೆಗೇ ಇಟ್ಟರು. ಕೆಟ್ಟವರಾಗಿದ್ದಿದ್ದರೆ ಬೈದು ಹಗುರ ಆಗಿಬಿಡ್ತಿದ್ದೆ.

ಗ್ಲಾಸ್ಗೋ, ಮೊದಲನೇ ದಿನ

ಇಳಿದಾಗಿಂದ ಜಿಟಿಜಿಟಿ ಮಳೆ. ನಮ್ಮಲ್ಲಿಯ ಹಾಗೆ ಅಬ್ಬರಿಸಿ ಸುರಿದು ಬಿಡೋ ಮಳೆ ಅಲ್ಲ, ಮೈಮೇಲೆ ಒದ್ದೆ ಬಟ್ಟೆ ಹಾಕಿದ ಹಾಗೆ. ಅಲ್ಲಿಯ ಜನ ಅದರಲ್ಲೇ ಕೊಡೆ ಇಲ್ಲದೆ ಓಡಾಡ್ತಾರೆ, ಮಳೆ ಬರ್ತಿದೆ ಅನ್ನೋದನ್ನ ಒಪ್ಪಿಕೊಳ್ಳೋದೇ ಇಲ್ಲ.

ಹೋಟೆಲಿನ ಬಚ್ಚಲಲ್ಲಿ ಎರಡು ನಲ್ಲಿ. ಒಂದರಲ್ಲಿ ಕೈ ಸುಡೋ ನೀರು, ಇನ್ನೊಂದರಲ್ಲಿ ಕೈ ಮರಗಟ್ಟೋ ನೀರು. ಎರಡನ್ನೂ ಬೆರೆಸೋಕೆ ಬಕೆಟ್ಟಿಲ್ಲ, ಮಗ್ಗಿಲ್ಲ. ಒಂದು ಕೈ ಸುಟ್ಕೊಂಡು, ಇನ್ನೊಂದು ಕೈ ನಡುಗಿಸ್ಕೊಂಡು ಮುಖ ತೊಳೆದೆ. ಮಗ್ಗಿಲ್ಲದ್ದಕ್ಕೆ ಬೇರೆ ಏನೇನು ಕಷ್ಟ ಆಯ್ತು ಅಂತ ಬರೆಯಲ್ಲ, ಓದೋರು ನಮ್ಮವರೇ, ಅರ್ಥ ಆಗುತ್ತೆ. ಕಾಫಿ ಅಂಗಡಿಯ ಪೇಪರ್ ಲೋಟ ಒಂದನ್ನ ಬಿಸಾಕದೆ ಇಟ್ಕೊಂಡಿದ್ದೆ, ಅದು ಮಾನ ಉಳಿಸ್ತು.

ದಾರಿಯಲ್ಲಿ, ಅಂಗಡಿಯಲ್ಲಿ, ಲಿಫ್ಟಲ್ಲಿ ಸಿಕ್ಕವರೆಲ್ಲಾ “ಆಲ್ ರೈಟ್, ಹೆನ್?” ಅಂತಾರೆ. ಅಲ್ಲಿ ಹೆಂಗಸರನ್ನ ಪ್ರೀತಿಯಿಂದ ಕೋಳಿ ಅಂತ ಕರೀತಾರಂತೆ, ಇರಲಿ. ಚೆನ್ನಾಗಿದೀಯಾ ಅಂತ ಕೇಳ್ತಿದಾರೆ ಅಂದ್ಕೊಂಡು ನಾನು ನಿಂತು, ವಿಮಾನದಲ್ಲಿ ಕೂತು ಕಾಲು ಊದಿರೋದನ್ನ ಹೇಳೋಕೆ ಶುರು ಮಾಡಿದೆ. ಕೇಳಿದ ಮನುಷ್ಯ ಆಗಲೇ ಹೋಗಿಯಾಗಿತ್ತು. ಮೊದಲು ಸಿಟ್ಟು ಬಂತು. ಆಮೇಲೆ, ನಾವೂ “ಊಟ ಆಯ್ತಾ” ಅಂತ ಕೇಳಿ, ಇಲ್ಲ ಅಂದೋರಿಗೆ ಯಾವತ್ತು ಬಡಿಸಿದ್ದೀವಿ ಅಂತ ಸುಮ್ಮನಾದೆ.

ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳ್ತಾರೆ. ಯಲಹಂಕದ ಬಸ್ಸಲ್ಲಿ ಡ್ರೈವರಿಗೆ ಹಂಗೆ ಹೇಳಿದ್ರೆ ಏನೋ ಕಿಂಡಲ್ ಮಾಡ್ತಿದಾರೆ ಅಂತ ಜಗಳಕ್ಕೆ ಬಂದಾನು. ನನಗೆ ಅದು ಬಹಳ ಇಷ್ಟ ಆಯ್ತು, ಸುಳ್ಳು ಹೇಳಲ್ಲ. ಎಷ್ಟು ಮರ್ಯಾದಸ್ಥ ಜನ, ಮುಬೀನಾ ಹೇಳಿದ್ದು ಸರಿ, ಇವರು ಕೇಳ್ತಾರೆ ಅಂತ ಧೈರ್ಯ ಬಂತು.

ಮಾರ್ಗರೆಟ್ ಮನೆ

ಎರಡನೇ ದಿನ ಅವರ ಕೆಲಸ ನಮಗೆ ತೋರಿಸೋಕೆ ಸಂಸ್ಥೆಯ ಹುಡುಗಿ ಫಿಯೋನಾ ಕರ್ಕೊಂಡು ಹೋದಳು. ಊರಾಚೆಯ ಒಂದು ಎತ್ತರದ ಕಟ್ಟಡ. ಬಡವರ ಮನೆಗಳು ಅಂದಳು. ಹೊರಗಿಂದ ನೋಡಿದರೆ ಹೆಬ್ಬಾಳದ ಅಪಾರ್ಟ್‌ಮೆಂಟಿನ ಹಾಗೇ ಇತ್ತು, ಲಿಫ್ಟ್ ಒಳಗೆ ಹೋದ ಮೇಲೆ ವಾಸನೆ ಬೇರೆ ಹೇಳ್ತು.

ಮಾರ್ಗರೆಟ್ ಅನ್ನೋ ಅಜ್ಜಿ ಬಾಗಿಲು ತೆಗೆದಳು. ಸಣ್ಣ ಆಳು, ಎರಡು ಸ್ವೆಟರು, ಮಾತಾಡಿದರೆ ಎದೆಯಲ್ಲಿ ಗೊರಗೊರ. ಮಲಗೋ ಕೋಣೆಯ ಗೋಡೆ ತೋರಿಸಿದಳು. ಅಯ್ಯೋ ನಮ್ಮಪ್ಪಾ! ಕೆಳಗಿಂದ ಅರ್ಧಕ್ಕೆ ಕಪ್ಪಗೆ ಬೂಷ್ಟು ಹಿಡಿದಿದೆ, ಕೈಯಿಟ್ಟರೆ ಒದ್ದೆ. ಆ ಗೋಡೆಗೆ ಒಂದು ಬಿಳಿ ಡಬ್ಬಿ ಅಂಟಿಸಿದ್ದಾರೆ. ಅದು ಕೋಣೆಯ ತೇವ ಅಳೆದು ಆಫೀಸಿಗೆ ತಾನೇ ಕಳಿಸುತ್ತಂತೆ. ಇಂಥ ಡಬ್ಬಿ ಆ ಕಟ್ಟಡದ ಎಷ್ಟೋ ಮನೆಗಳಲ್ಲಿದೆ. ತೇವಕ್ಕೂ ಎದೆ ರೋಗಕ್ಕೂ ಇರೋ ಸಂಬಂಧ ಕಂಡುಹಿಡಿದು ಗೋಡೆ ಸರಿಮಾಡಿಸೋದು ಉದ್ದೇಶ.

ಫಿಯೋನಾ ತನ್ನ ಟ್ಯಾಬಿನಲ್ಲಿ ಗೆರೆ ತೋರಿಸಿದಳು. ಮೊದಲು ಮೇಲೆ, ಕೆಂಪಾಗಿತ್ತು. ಹೋದ ಚಳಿಗಾಲದಿಂದ ಇಳಿದು ಹಸಿರಿಗೆ ಬಂದಿದೆ. “ಕಿಟಕಿ ತೆಗೆದಿಡಿ ಅಂತ ನಾವು ಎಲ್ಲರಿಗೂ ಕರಪತ್ರ ಕೊಟ್ವಿ. ಅದರ ಫಲ” ಅಂದಳು. ಸರ್ “ವಂಡರ್‌ಫುಲ್” ಅಂದರು.

ನಾನು ಟ್ಯಾಬ್ ನೋಡ್ತಾ ನಿಲ್ಲಲಿಲ್ಲ. ನಮ್ಮ ಕೆಲಸದಲ್ಲಿ ಅಂಟಿಕೊಂಡ ಚಾಳಿ ಅದು, ಯಾರ ಮನೆಗೆ ಹೋದರೂ ಮೊದಲು ಹಾಸಿಗೆ ಎಲ್ಲಿ ಮಡಚಿಟ್ಟಿದ್ದಾರೆ ಅಂತ ಕಣ್ಣು ಹುಡುಕುತ್ತೆ. ಶೀಟಿನ ರೂಮಿನಲ್ಲಿ ಯಾರ ಪಕ್ಕ ಯಾರು ಮಲಗ್ತಾರೆ ಅಂತ ಗೊತ್ತಾಗದೆ ಟಿಬಿ ಕೆಲಸ ಆಗಲ್ಲ. ಈ ಕೋಣೆಯ ಮಂಚದ ಮೇಲೆ ಹಳೇ ಬಟ್ಟೆಯ ಗಂಟುಗಳು, ರಟ್ಟಿನ ಪೆಟ್ಟಿಗೆಗಳು. ಹೊರಗಿನ ಕೋಣೆಯ ಸೋಫಾ ಮೇಲೆ ದಿಂಬು, ಕಂಬಳಿ.

“ಅಜ್ಜಿ, ರಾತ್ರಿ ಎಲ್ಲಿ ಮಲಗ್ತೀರ?” ಅಂತ ನನ್ನ ಬಟ್ಲರ್ ಇಂಗ್ಲಿಷಿನಲ್ಲೇ ಕೇಳಿದೆ.

“ಸೋಫಾ ಮೇಲೆ. ಹೋದ ಚಳಿಗಾಲದಿಂದ. ಆ ಕೋಣೆಯಲ್ಲಿ ಮಲಗಿದ್ರೆ ಎದೆ ಸಿಳ್ಳೆ ಹೊಡೆಯುತ್ತೆ, ಹೆನ್.”

“ಇವರಿಗೆ ಹೇಳಲಿಲ್ವಾ?”

“ಕೇಳಿದ್ರೆ ತಾನೇ? ಬರ್ತಾರೆ, ಡಬ್ಬಿ ನೋಡ್ತಾರೆ, ಲವ್ಲೀ ಅಂತಾರೆ, ಹೋಗ್ತಾರೆ. ನನಗಿಂತ ಡಬ್ಬಿಗೇ ನೆಂಟರು ಜಾಸ್ತಿ.”

ಆ ಕೋಣೆಯಲ್ಲಿ ಉಸಿರಾಡೋರಿಲ್ಲ, ಒದ್ದೆ ಟವಲ್ ಒಣಹಾಕೋರಿಲ್ಲ. ತೇವ ಇಳಿದಿದೆ, ಗೆರೆ ಹಸಿರಾಗಿದೆ. ಅಜ್ಜಿ ಓಡಿಹೋಗಿದ್ದನ್ನ ಇವರು ಗೋಡೆ ವಾಸಿಯಾಯ್ತು ಅಂದ್ಕೊಂಡಿದ್ದಾರೆ. ಗೋಡೆ ಕಣ್ಣೆದುರಿಗೆ ಕಪ್ಪಗೆ ನಿಂತಿದೆ, ಇವರಿಬ್ಬರು ಟ್ಯಾಬ್ ನೋಡ್ಕೊಂಡು ಸಂತೋಷಪಡ್ತಿದ್ದಾರೆ! ನನಗೆ ಬಂದ ಕೋಪಕ್ಕೆ ಆ ಚಳಿಯಲ್ಲೂ ಬೆವರು ಬಂತು. ಯಾರ್ಡಿನ ಕೆಂಪು, ಗಲ್ಲಿಯ ಬಿಳುಪು ಎಲ್ಲಾ ನೆನಪಾಗಿ, ಎಲ್ಲಾ ಕಡೆ ಇದೇ ಹಣೆಬರಹ ಆಯ್ತಲ್ಲ ಅನ್ನಿಸಿ ಅಜ್ಜಿಯ ಸೋಫಾ ಮೇಲೇ ಕೂತುಬಿಟ್ಟೆ.

ಫಿಯೋನಾ ಮುಖ ಕೆಂಪಾಯ್ತು. ಸಾರಿ ಅಂದಳು. ಅಜ್ಜಿಗೆ ಅಂದಳೋ ನನಗೋ, ಗೊತ್ತಾಗಲಿಲ್ಲ. ಇದು ಒಳ್ಳೇ ಅಂಶ, ಬರ್ಕೋತೀನಿ ಅಂತ ಟ್ಯಾಬಿನಲ್ಲಿ ಬರ್ಕೊಂಡಳು.

ಮಾರ್ಗರೆಟ್ ಟೀ ಮಾಡಿದಳು, ಹಾಲು ಕಡಿಮೆ, ಬಿಸಿ ಚೆನ್ನಾಗಿತ್ತು. ಹೊರಡುವಾಗ ನನ್ನ ಕೈ ಅದುಮಿ ಮೆಲ್ಲಗೆ ಹೇಳಿದಳು: “ಗೋಡೆ ಯಾವಾಗ ಸರಿಮಾಡ್ತಾರೆ ಅಂತ ನೀನೇ ಕೇಳು. ಅಷ್ಟು ದೂರದಿಂದ ಬಂದವಳು, ನಿನ್ನ ಮಾತು ಕೇಳ್ತಾರೆ.” ಅಲ್ಲಿಯವರಿಗೆ ನಾನು ದೂರದವಳು, ಇಲ್ಲಿಯವರಿಗೆ ನಾನು ದೊಡ್ಡವರ ಹತ್ತಿರ ಹೋಗೋಳು. ಇಬ್ಬರಿಗೂ ನನ್ನ ಮೇಲೆ ಎಂಥ ನಂಬಿಕೆ ಅಂತ ದಾರಿಯುದ್ದಕ್ಕೂ ಯೋಚಿಸ್ತಾ ಬಂದೆ.

ಮೀಟಿಂಗು

ಮೂರನೇ ದಿನ ಮೀಟಿಂಗು. ದುಂಡು ಮೇಜುಗಳು, ಬಿಸ್ಕತ್ತು, ನೀರಿನ ಜಗ್ಗು. ನನ್ನ ಕೊರಳಿಗೆ ಹಾಕಿದ ಚೀಟಿಯಲ್ಲಿ ನನ್ನ ಹೆಸರಿರಲಿಲ್ಲ, ‘ಕಮ್ಯುನಿಟಿ ವಾಯ್ಸ್’ ಅಂತಿತ್ತು. ಕಾಫಿ ಕೊಡೋ ಹುಡುಗಿ ಪಾಪ, ಅದನ್ನೇ ನನ್ನ ಹೆಸರು ಅಂದ್ಕೊಂಡು ಮಿಸ್ ವಾಯ್ಸ್ ಅಂದಳು.

ಸರ್ ಚೆನ್ನಾಗಿ ಮಾತಾಡಿದರು. ಪರದೆ ಮೇಲೆ ಯಶವಂತಪುರ ಇಷ್ಟಗಲ ಬಂತು. ರೈಲ್ವೇ ಸ್ಟೇಷನ್ನು, ಮೆಟ್ರೋ ಗೆರೆ, ನಡುವೆ ಯಾರ್ಡು ಕುಂಕುಮ ಚೆಲ್ಲಿದಷ್ಟು ಕೆಂಪು. ಪಕ್ಕದಲ್ಲಿ ನಮ್ಮ ಗಲ್ಲಿ, ಹೆಸರೂ ಇಲ್ಲ, ಬಿಳಿ. ಎಲ್ಲರೂ ತಲೆಯಾಡಿಸಿದರು. ಕೊನೆಯ ಸ್ಲೈಡಲ್ಲಿ, ಅಗತ್ಯ ಕಡಿಮೆ ಇರುವ ಕಡೆಯಿಂದ ಸೇವೆಯನ್ನು ಅಗತ್ಯ ಹೆಚ್ಚಿರುವ ಕಡೆಗೆ ವರ್ಗಾಯಿಸುವುದು ಅಂತ ಬಂತು. ಎಷ್ಟು ಚಂದದ ಮಾತು! ಅದನ್ನ ಕನ್ನಡದಲ್ಲಿ ಹೇಳಿದರೆ, ಫಯಾಜನ ಮಾತ್ರೆ ನಿಲ್ಲಿಸೋದು.

ನನ್ನ ಸರದಿ ಬಂತು. ಹಾಳೆ ತೆಗೆದೆ. ಮೊದಲ ಸಾಲು ‘ನಾವು ಕೃತಜ್ಞರು’. ಬಾಯಿಗೆ ಬರಲಿಲ್ಲ. ಮಡಚಿ ಮೇಜಿನ ಮೇಲಿಟ್ಟೆ. ಸರ್ ಕಡೆ ನೋಡಲೇ ಇಲ್ಲ.

“ಈ ಕೆಂಪು ಜಾಗ ನೋಡಿ” ಅಂದೆ, ಬರೋ ಅಷ್ಟು ಇಂಗ್ಲಿಷಿನಲ್ಲಿ. “ಇದು ಅಂಗಡಿ ಸಾಲು. ರಾತ್ರಿ ಶಟರ್ ಎಳೀತಾರೆ. ಒಳಗೆ ಮಲಗೋದು ಮೆಣಸಿನಕಾಯಿ. ಎಚ್ಚರ ಇರೋದು ಹೆಗ್ಗಣ.” ಹೆಗ್ಗಣಕ್ಕೆ ಇಂಗ್ಲಿಷ್ ಗೊತ್ತಿಲ್ಲದೆ ದೊಡ್ಡ ಇಲಿ ಅಂತ ಕೈಯಲ್ಲಿ ಅಳತೆ ತೋರಿಸಿದೆ, ನಕ್ಕರು. “ಜನ ಮಲಗೋದು ಇಲ್ಲಿ, ಈ ಬಿಳೀ ಜಾಗದಲ್ಲಿ. ಯಾಕೆ ಬಿಳಿ? ಇವರಿಗೆ ಮನೆ ಓನರು ವಿಳಾಸ ಕೊಡಲ್ಲ. ಅಂಗಡಿಯವರು ತಮ್ಮ ವಿಳಾಸ ಕೊಟ್ಟಿದ್ದಾರೆ. ನಿಮ್ಮ ಕಂಪ್ಯೂಟರಿಗೆ ಕಾಯಿಲೆ ಗೊತ್ತು, ಮನುಷ್ಯ ಎಲ್ಲಿದಾನೆ ಅಂತ ಗೊತ್ತಿಲ್ಲ.”

ನಗು ನಿಂತಿತು. ಫಯಾಜನ ವಿಷಯ ಹೇಳಿದೆ. ಹಿಂದೆ ಮಾತ್ರೆ ಬಿಟ್ಟಿದ್ದು, ಈಗ ಅರ್ಧಕ್ಕೆ ಬಂದಿರೋದು, ಮತ್ತೆ ಬಿಟ್ಟರೆ ಏನಾಗುತ್ತೆ ಅನ್ನೋದು. ಅವನ ಜೊತೆ ಒಂದೇ ರೂಮಿನಲ್ಲಿ ಅವನ ಹೆಂಡತಿ, ಮಕ್ಕಳು ಮಲಗ್ತಾರೆ ಅನ್ನೋದನ್ನೂ ಹೇಳಿದೆ. ಅಷ್ಟಕ್ಕೇ ಬಿಡಲಿಲ್ಲ. “ನಿಮ್ಮೂರಲ್ಲೂ ಇದೇ. ಮಾರ್ಗರೆಟ್ ಅಜ್ಜಿ ಮಲಗೋದು ಸೋಫಾ ಮೇಲೆ. ಡಬ್ಬಿ ಇರೋದು ಖಾಲಿ ಕೋಣೆಯಲ್ಲಿ. ಡಬ್ಬಿ ಹಸಿರು ಅನ್ನುತ್ತೆ, ಗೋಡೆ ಕಪ್ಪಗಿದೆ. ಆ ಗೋಡೆ ಸರಿಮಾಡಿ. ನಮ್ಮ ಕ್ಲಿನಿಕ್ ಮುಚ್ಚಬೇಡಿ. ಇಷ್ಟೇ. ನನಗೆ ಬೇರೆ ಏನೂ ಬೇಡ.”

ಕೂತೆ. ಆಮೇಲೆ ಚಪ್ಪಾಳೆ. ಎದ್ದು ನಿಂತು ಚಪ್ಪಾಳೆ ಕಣ್ರೀ! ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಂಸ್ಥೆಯ ಅಧ್ಯಕ್ಷೆ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದರು. ಸರ್ ಕೂಡ ಚಪ್ಪಾಳೆ ತಟ್ಟುತ್ತಾ ನಿಂತಿದ್ದರು, ಮೊದಲು ಬೆಪ್ಪಾಗಿದ್ದ ಮುಖ ಅರಳಿತ್ತು. ಗೆದ್ದೆ ಅಂದ್ಕೊಂಡೆ. ಮುಬೀನಾಗೆ ಆಗಲೇ ಫೋನ್ ಮಾಡೋಣ ಅಂತ ಮೊಬೈಲ್ ತೆಗೆದೆ, ನೆಟ್‌ವರ್ಕ್ ಸಿಗಲಿಲ್ಲ. ಒಳ್ಳೇದೇ ಆಯ್ತು.

ಟೀ ಕುಡಿದ ಮೇಲೆ

ಟೀ ಬಿಡುವಾದ ಮೇಲೆ ಅಧ್ಯಕ್ಷೆ ತೀರ್ಮಾನ ಹೇಳಿದರು. ಶಶಿಕಲಾ ನಮ್ಮ ಕಣ್ಣು ತೆರೆಸಿದ್ದಾರೆ. ವಿಳಾಸಗಳೇ ಇಷ್ಟು ತಪ್ಪಿರುವಾಗ ಎಲ್ಲಿ ಅಗತ್ಯ ಇದೆ, ಎಲ್ಲಿ ಇಲ್ಲ ಅಂತ ಜವಾಬ್ದಾರಿಯಿಂದ ಹೇಳೋಕಾಗಲ್ಲ. ಆದ್ದರಿಂದ ಮೊದಲು ಡೇಟಾ ಸರಿಯಾಗಬೇಕು. ಅದಕ್ಕೆ ಹೊಸದಾಗಿ ಹಣ ಕೊಡ್ತೀವಿ, ಮನೆಮನೆ ಸರ್ವೆ ಆಗಲಿ, ಅದನ್ನ ಮಾಡೋ ಹುಡುಗಿಯರಿಗೆ ಟ್ಯಾಬ್ ಕೊಡೋಣ. ಸರ್ವೆಯ ಹೆಸರು, ‘ನೀವು ರಾತ್ರಿ ಎಲ್ಲಿ ಮಲಗುತ್ತೀರಿ?’

ಮತ್ತೆ ಚಪ್ಪಾಳೆ. ನನ್ನ ಪ್ರಶ್ನೆಯನ್ನೇ ಕಿತ್ತುಕೊಂಡು ಬೋರ್ಡು ಬರೆಸೋಕೆ ಹೊರಟಿದ್ದರು.

ನಾನು ಸರ್ ಕಡೆ ಬಗ್ಗಿದೆ. “ಸರ್, ಕ್ಲಿನಿಕ್ಕು?”

“ಸರ್ವೆ ಮುಗಿಯೋ ತನಕ ಆ ಭಾಗದಲ್ಲಿ 'ಪಾಜ್' ಅಂತೆ. ಯಾರ್ಡಿನ ಬೋರ್ಡೂ ಇಲ್ಲ, ಕ್ಲಿನಿಕ್ಕೂ ಇಲ್ಲ. ಮುಚ್ಚೋದಲ್ಲ ಶಶಿಕಲಾ, ತಾತ್ಕಾಲಿಕವಾಗಿ ನಿಲ್ಲಿಸೋದು.”

“ಬಾಗಿಲು ತೆಗೆದಿರುತ್ತಾ?”

“ಇಲ್ಲ.”

“ಡಾಕ್ಟರು ಇರ್ತಾರಾ?”

“ಇಲ್ಲ.”

“ಹಾಗಾದ್ರೆ ಮುಚ್ಚೋದೇ ಅಲ್ವಾ ಸರ್!”

ಕೈಯೆತ್ತಿದೆ. ಫಿಯೋನಾ ಓಡಿ ಬಂದು, “ಸಾರಿ ಸಾರಿ, ಸಮಯ ಮೀರಿದೆ” ಅಂದಳು. ಮಾರ್ಗರೆಟ್ ಗೋಡೆ ಏನಾಯ್ತು ಅಂದೆ. ಖುಷಿಯಿಂದ ಹೇಳಿದಳು, “ನಿಮ್ಮ ಮಾತಿನಿಂದಾನೇ ನಿರ್ಧಾರ ಆಗಿದೆ. ಸೋಮವಾರ ಡಬ್ಬಿಯನ್ನ ಸೋಫಾ ಪಕ್ಕಕ್ಕೆ ಸ್ಥಳಾಂತರ ಮಾಡ್ತೀವಿ!”

ಅಲ್ಲಿ ನನ್ನ ತಾಳ್ಮೆ ಹರಿದುಹೋಯ್ತು. ಇಂಗ್ಲಿಷ್ ಎಲ್ಲಿ ಹೋಯ್ತೋ ಏನೋ, ಎದ್ದು ನಿಂತು ಕನ್ನಡದಲ್ಲೇ ಕೂಗಿದೆ. “ಗೋಡೆ ಸರಿಮಾಡ್ರಯ್ಯಾ ಅಂದ್ರೆ ಡಬ್ಬಿ ಎತ್ತಿಡ್ತೀನಿ ಅಂತೀರಲ್ಲ, ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಮಾತ್ರೆ ಕೊಡ್ರೋ ಅಂದ್ರೆ ಎಲ್ಲಿ ಮಲಗ್ತೀಯ ಅಂತ ಕೇಳೋಕೆ ಬರ್ತೀರಾ? ಸಾಯೋನು ಎಲ್ಲಿ ಮಲಗಿ ಸತ್ತರೆ ನಿಮಗೇನು?” ಇಡೀ ಹಾಲು ನನ್ನ ಕಡೆ ತಿರುಗಿತು. ಒಬ್ಬರಿಗೂ ಅರ್ಥ ಆಗಲಿಲ್ಲ. ಯಾವುದೋ ಆಶೀರ್ವಾದ ಮಾಡಿದೆ ಅಂದ್ಕೊಂಡರೋ ಏನೋ, ಹಿಂದಿನ ಮೇಜಿನಿಂದ ಒಬ್ಬಾತ ಚಪ್ಪಾಳೆ ಶುರು ಮಾಡಿದ. ನಿರಂಜನ್ ಸರ್ ತಲೆ ತಗ್ಗಿಸಿ ಬಿಸ್ಕತ್ತು ಮುರೀತಾ ಕೂತಿದ್ದರು. ಅವರಿಗೆ ಮಾತ್ರ ಅರ್ಥ ಆಗಿತ್ತು.

ನಾನು ಡೇಟಾ ವಿರೋಧಿ ಅಲ್ಲ. ಅಂಕಿ ಅಂಶ ಇಲ್ಲದಿದ್ದರೆ ಹಮಾಲಿಗಳ ಎದೆರೋಗವನ್ನ ಯಾವ ಆಫೀಸೂ ನಂಬಲ್ಲ, ಅದು ನನಗೂ ಗೊತ್ತು. ಸರ್ವೆ ಮಾಡಲಿ, ನಾನೇ ಓಡಾಡಿ ಮಾಡಿಸ್ತೀನಿ. ಕ್ಲಿನಿಕ್ ಬಾಗಿಲು ತೆಗೆದಿಟ್ಕೊಂಡು ಮಾಡೋಕೇನು ರೋಗ? ಬೆಂಕಿ ಬಿದ್ದ ಮನೆ ಮುಂದೆ ನಿಂತು, ನೀರು ಹಾಕೋನನ್ನ ವಾಪಸ್ ಕಳಿಸಿ, ಎಷ್ಟು ಅಡಿ ಸುಟ್ಟಿದೆ ಅಂತ ಟೇಪ್ ಹಿಡಿಯೋರನ್ನ ನೋಡಿ ಚಪ್ಪಾಳೆ ತಟ್ಟೋದು ನನಗೆ ಬರಲ್ಲ.

ವಾಪಸ್ ವಿಮಾನದಲ್ಲಿ ಸರ್ ಒಂದು ಸಲ, “ಸರ್ವೆಗೆ ನಿಮ್ಮನ್ನೇ ಮುಖ್ಯಸ್ಥೆ ಮಾಡೋಣ ಅಂತಿದೀನಿ” ಅಂದರು. ಕಿಟಕಿ ಕಡೆ ತಿರುಗಿ ಕೂತೆ. ಆಮೇಲೆ ಅವರು ತಮ್ಮ ಸಿಹಿ ಕೊಡೋಕೆ ಬಂದರು, ತಗೊಳ್ಳಲಿಲ್ಲ.

ಯಶವಂತಪುರ

ಬಂದ ಕೂಡಲೇ ರಾಜೀನಾಮೆ ಮುಖಕ್ಕೆ ಬಿಸಾಕಿದೆ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತೆ. ಬಿಸಾಕಿಲ್ಲ. ಮನೆ ನಡೀಬೇಕು. ಈಗ ಕ್ಲಿನಿಕ್ಕಿಗೆ ಬೀಗ ಬಿದ್ದಿದೆ. ಫಯಾಜನ ಮಾತ್ರೆಯನ್ನ ಸರ್ಕಾರಿ ಸೆಂಟರಿನವರನ್ನ ಕಾಡಿ ಬೇಡಿ ನಾನೇ ಹಗಲು ತಂದು, ಸಂಜೆ ಅವನ ಕೈಗೆ ಕೊಟ್ಟು, ಎದುರಿಗೇ ನುಂಗಿಸಿ ಬರ್ತೀನಿ. ಅವನೊಬ್ಬನಿಗೆ ಹಾಗೆ ಮಾಡಬಹುದು. ಗಲ್ಲಿಯ ಮಿಕ್ಕವರಿಗೆ? ಇಬ್ಬರು ಆಗಲೇ ಮಾತ್ರೆ ಬಿಟ್ಟಿದ್ದಾರೆ, ಎಲ್ಲಿ ಹೋದರು ಅಂತ ಪಕ್ಕದವರಿಗೂ ಗೊತ್ತಿಲ್ಲ. ಅದನ್ನ ನೆನೆಸ್ಕೊಂಡ್ರೆ ಈಗ ಬರೀತಾ ಕೂತಾಗಲೂ ಸಿಟ್ಟು ಬರುತ್ತೆ.

ಆದರೆ ನಾನು ಮರೆಯೋಕಾಗದ್ದು ಊರಿಗೆ ಬಂದ ಮಾರನೇ ದಿನದ್ದು. ಬೀಗ ಬೀಳೋಕೆ ಇನ್ನೂ ಒಂದು ವಾರ ಇತ್ತು. ಗಲ್ಲಿಯ ತಿರುವಿನಲ್ಲೇ ಮುಬೀನಾ ನನಗೋಸ್ಕರ ಕಾಯ್ತಾ ನಿಂತಿದ್ದಳು. ನನ್ನನ್ನ ನೋಡಿದ್ದೇ ಓಡಿ ಬಂದಳು.

“ಅಕ್ಕಾ, ಹೇಳಿದ್ರಾ?”

“ಹೇಳಿದೆ.”

“ಇವ್ರ ವಿಷಯ?”

“ಹೆಸರು ಹಿಡಿದೇ ಹೇಳಿದೆ.”

“ಕೇಳಿದ್ರಾ ಅಕ್ಕಾ ಅವ್ರು?”

“ಕೇಳಿದ್ರು. ಎಲ್ಲಾ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು” ಅಂದೆ. ಕೆಟ್ಟ ಸುದ್ದಿಯನ್ನ ಎಲ್ಲಿಂದ ಶುರು ಮಾಡೋದು ಗೊತ್ತಾಗದೆ ಹಾಗೆ ಅಂದೆ.

ಅವಳ ಮುಖ ಅರಳಿಬಿಡ್ತು. “ಯಾ ಅಲ್ಲಾ! ಚಪ್ಪಾಳೆ ತಟ್ಟಿದ್ರಾ?” ಅಂತ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ತಿರುಗಿ ಮನೆ ಕಡೆ ಕೂಗಿದಳು, “ಸುನೋ ಜೀ! ಅಕ್ಕ ಬಂದ್ರು! ಆಗೋಯ್ತಂತೆ, ಕ್ಲಿನಿಕ್ ಮುಚ್ಚಲ್ವಂತೆ!” ಅಕ್ಕಪಕ್ಕದ ಬಾಗಿಲಿಂದ ಹೆಂಗಸರು ಹೊರಗೆ ಬಂದರು. ಯಾರೋ ನಕ್ಕರು. ಫಯಾಜ್ ಶೀಟಿನ ಬಾಗಿಲು ಸರಿಸಿ, ಬನಿಯನ್ನಲ್ಲೇ ಎದ್ದು ಬಂದು, ನನಗೆ ಕೈ ಮುಗಿದ.

ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. “ಇಲ್ಲ ಮುಬೀನಾ. ಮುಚ್ತಾರೆ. ಮುಂದಿನ ವಾರದಿಂದ ಇರಲ್ಲ.”

ಅವಳಿಗೆ ಅರ್ಥ ಆಗಲಿಲ್ಲ. ಕೈ ಮುಗಿದು ನಿಂತಿದ್ದ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಮತ್ತೆ ಚಪ್ಪಾಳೆ ಯಾಕಕ್ಕಾ ತಟ್ಟಿದ್ರು?” ಅಂದಳು.